ಬೆಂಕಿಯಿಲ್ಲದೆ ಹುಟ್ಟುವ ಗುಂಡು: ಸ್ವೇಜಿಂಗ್ ಅಂದರೇನು?

ಅಮೆರಿಕದಲ್ಲಿರುವ ಅಕ್ಕನ ಮಗ ಮೊನ್ನೆ ಒಂದು ಫೋಟೋ ಕಳಿಸಿದ. ಪಕ್ಕದ ಮನೆಯ ಅಜ್ಜನ ಗ್ಯಾರೇಜು. ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದ ಒಂದು ಪ್ರೆಸ್ಸು, ಅದಕ್ಕೊಂದು ಉದ್ದನೆಯ ಹಿಡಿ. ಪಕ್ಕದ ಡಬ್ಬಿಯಲ್ಲಿ ಹಲಸಂದೆ ಕಾಳಿಗಿಂತ ಸ್ವಲ್ಪ ಉದ್ದದ, ಫಳಫಳ ಹೊಳೆಯುವ ಗುಂಡುಗಳು. "ಮಾವ, ಇವರು ಗುಂಡನ್ನ ಮನೇಲೇ ಮಾಡ್ಕೊಳ್ತಾರೆ. ಬೆಂಕಿನೇ ಇಲ್ಲ, ಸೀಸ ಕರಗಿಸೋದೂ ಇಲ್ಲ. ಅದ್ಹೇಗೆ?" ಎಂದು ಕೇಳಿದ್ದ.

ಒಳ್ಳೆಯ ಪ್ರಶ್ನೆ. ಗುಂಡು ಅಂದಕೂಡಲೇ ಸೀಸ ಕರಗಿಸಿ ಅಚ್ಚಿಗೆ ಹೊಯ್ಯುವ ಚಿತ್ರವೇ ನಮ್ಮ ಕಣ್ಣ ಮುಂದೆ ಬರುತ್ತದೆ, ಅಲ್ವಾ? ಅವನು ನೋಡಿದ್ದು ಬೇರೆ ವಿದ್ಯೆ. ಅದರ ಹೆಸರು ಸ್ವೇಜಿಂಗ್. ಕೊರೊನಾ ಕಾಲದಲ್ಲಿ, 2020 ಮತ್ತು 21ರಲ್ಲಿ, ಅಮೆರಿಕದ ಅಂಗಡಿಗಳಲ್ಲಿ ತೋಟಾ ಸಿಗದೆ ಹೋದಾಗ ಈ ಹಳೆಯ ಹವ್ಯಾಸದ ಮಾತು ಮತ್ತೆ ಕೇಳಿಬಂತು. ಅಲ್ಲಿರುವ ನಮ್ಮವರಿಗೆ ನೆರೆಮನೆಯಲ್ಲೇ ಇದು ಎದುರಾಗುತ್ತದೆ. ಇಲ್ಲಿರುವವರಿಗೆ ಇದು ಲೋಹದ ಗುಣವನ್ನು ತಿಳಿಯಲು ಒಂದು ಸೊಗಸಾದ ದಾರಿ. ಬುಡದಿಂದಲೇ ನೋಡೋಣ.

ತೋಟಾ ಬೇರೆ, ಗುಂಡು ಬೇರೆ

ಮಾತಿನಲ್ಲಿ ಎರಡನ್ನೂ ನಾವು ಒಂದೇ ಮಾಡಿಬಿಡುತ್ತೇವೆ. ಬಂದೂಕಿಗೆ ಹಾಕುವ ಇಡೀ ವಸ್ತು ತೋಟಾ. ಅದರಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಕೊಳವೆ, ಅದರೊಳಗೆ ಮದ್ದು, ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ತುದಿಯಲ್ಲಿ ಗುಂಡು. ನಳಿಗೆಯಿಂದ ಹಾರಿಹೋಗುವುದು ಗುಂಡು ಮಾತ್ರ. ಕೊಳವೆ ಹಿಂದೆಯೇ ಉಳಿಯುತ್ತದೆ. ಸ್ವೇಜಿಂಗ್ ಮಾಡುವವರು ತಯಾರಿಸುವುದು ಈ ಗುಂಡನ್ನಷ್ಟೇ. ಇಲ್ಲಿ ಮದ್ದಿನ ಕೆಲಸವೇ ಇಲ್ಲ.

ಗುಂಡಿನ ದಪ್ಪಕ್ಕೆ ಕ್ಯಾಲಿಬರ್ ಎನ್ನುತ್ತಾರೆ. ಅಮೆರಿಕದಲ್ಲಿ ಇದನ್ನು ಇಂಚಿನ ಲೆಕ್ಕದಲ್ಲಿ ಹೇಳುವುದು ರೂಢಿ. 'ಪಾಯಿಂಟ್ 22' ಅಂದರೆ 0.22 ಇಂಚು, ಸುಮಾರು 5.6 ಮಿಲಿಮೀಟರ್. ಪೆನ್ಸಿಲ್‌ಗಿಂತ ಸಣ್ಣ. ಸಣ್ಣ ಕ್ಯಾಲಿಬರ್ ಎಂದು ಕರೆಯುವುದು ಇದನ್ನೂ ಇದಕ್ಕಿಂತ ಚಿಕ್ಕದಾದ ಪಾಯಿಂಟ್ 20, ಪಾಯಿಂಟ್ 17 ಇವುಗಳನ್ನೂ.

ತೂಕಕ್ಕೆ ಗ್ರೇನ್ ಎಂಬ ಹಳೆಯ ಅಳತೆ ಇದೆ. ಏಳು ಸಾವಿರ ಗ್ರೇನ್ ಸೇರಿದರೆ ಒಂದು ಪೌಂಡು. ಒಂದು ಗ್ರಾಂ ಅಂದರೆ ಸುಮಾರು 15.4 ಗ್ರೇನ್. ನಮ್ಮ ಅಕ್ಕಸಾಲಿಗರು ಚಿನ್ನ ತೂಗಲು ಗುಲಗಂಜಿ ಬಳಸುತ್ತಿದ್ದರಲ್ಲ, ಅದೇ ಜಾತಿಯ ಅಳತೆ ಇದು. ಒಂದು ಗುಲಗಂಜಿ ಸುಮಾರು 0.12 ಗ್ರಾಂ, ಅಂದರೆ ಹತ್ತಿರ ಹತ್ತಿರ ಎರಡು ಗ್ರೇನ್. ಪಾಯಿಂಟ್ 22 ಲಾಂಗ್ ರೈಫಲ್ ತೋಟಾದ ಗುಂಡು ಸಾಮಾನ್ಯವಾಗಿ 40 ಗ್ರೇನ್ ಇರುತ್ತದೆ. ನಮ್ಮ ಲೆಕ್ಕದಲ್ಲಿ ಇಪ್ಪತ್ತೊಂದು ಇಪ್ಪತ್ತೆರಡು ಗುಲಗಂಜಿ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದದ್ದು ಇದೇ ಪಾಯಿಂಟ್ 22 ಲಾಂಗ್ ರೈಫಲ್ ತೋಟಾದಲ್ಲಿ. ಆ ಸ್ಪರ್ಧೆ ನೋಡುವಾಗ, ಪ್ರತಿ ಹೊಡೆತದ ನಂತರ ಬಂದೂಕಿನಿಂದ ಒಂದು ಪುಟ್ಟ ಖಾಲಿ ಹಿತ್ತಾಳೆ ಕೊಳವೆ ಹೊರಗೆ ಬೀಳುತ್ತದೆ. ಅದನ್ನು ನೆನಪಿಟ್ಟುಕೊಳ್ಳಿ. ಈ ಕತೆಯ ನಾಯಕ ಅದೇ.

ಹೊಯ್ಯುವುದು ಮತ್ತು ಒತ್ತುವುದು

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವುದನ್ನು ನೋಡಿದ್ದೀರಿ. ಪಾಕ ಕಾಯಿಸಿ, ಮರದ ಅಚ್ಚಿಗೆ ಹೊಯ್ದು, ಆರಿದ ಮೇಲೆ ಬಿಡಿಸುತ್ತಾರೆ. ಸೀಸ ಕರಗಿಸಿ ಗುಂಡು ಮಾಡುವುದೂ ಹೀಗೆಯೇ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಇದು ಎರಕ.

ಈಗ ಮೋದಕದ ಅಚ್ಚನ್ನು ನೆನೆಯಿರಿ. ಅಲ್ಲಿ ಏನನ್ನೂ ಕರಗಿಸುವುದಿಲ್ಲ. ಮೆತ್ತಗಿನ ಕಣಕವನ್ನು ಅಚ್ಚಿನೊಳಗೆ ಇಟ್ಟು ಒತ್ತುತ್ತೇವೆ. ಅದು ಹರಿದು ಮೂಲೆ ಮೂಲೆಗೂ ತುಂಬಿಕೊಳ್ಳುತ್ತದೆ. ಸ್ವೇಜಿಂಗ್ ಅಂದರೆ ಇದೇ. ತಣ್ಣಗಿನ ಲೋಹವನ್ನು ಡೈ ಎಂಬ ಗಟ್ಟಿ ಉಕ್ಕಿನ ಅಚ್ಚಿನೊಳಗೆ ಇಟ್ಟು, ಪಂಚ್ ಎಂಬ ಉಕ್ಕಿನ ಕಡ್ಡಿಯಿಂದ ಬಲವಾಗಿ ಒತ್ತಿ, ಆಕಾರಕ್ಕೆ ತರುವುದು. ಪೀಣ್ಯದ ವರ್ಕ್‌ಶಾಪುಗಳಲ್ಲಿ ಕೆಲಸ ಮಾಡಿದವರಿಗೆ ಡೈ, ಪಂಚ್ ಎಂಬ ಮಾತು ಹೊಸದಲ್ಲ. ನಾಣ್ಯಕ್ಕೆ ಮುದ್ರೆ ಒತ್ತುವುದೂ ಇದೇ ತತ್ವದ ಮೇಲೆ.

ಗಟ್ಟಿ ಲೋಹ ಹಿಟ್ಟಿನ ಹಾಗೆ ಹರಿಯುತ್ತದೆಯೇ? ಹರಿಯುತ್ತದೆ, ಒತ್ತಡ ಸಾಕಷ್ಟಿದ್ದರೆ. ಶುದ್ಧ ಸೀಸವನ್ನು ಉಗುರಿನಿಂದಲೇ ಗೀಚಬಹುದು, ಅಷ್ಟು ಮೆದು. ಹಾಗಾಗಿ ಉದ್ದ ಹಿಡಿಯ ಪ್ರೆಸ್ಸೊಂದು ಇದ್ದರೆ ಒಬ್ಬ ವಯಸ್ಸಾದ ಮನುಷ್ಯನ ತೋಳಿನ ಬಲವೇ ಸಾಕಾಗುತ್ತದೆ. ಹಿಡಿ ಉದ್ದವಿದ್ದಷ್ಟೂ ಸನ್ನೆಯ ಬಲ ಜಾಸ್ತಿ.

ಒತ್ತುವುದರಿಂದ ಏನು ಲಾಭ? ಕರಗಿದ ಸೀಸ ಆರುವಾಗ ಕುಗ್ಗುತ್ತದೆ. ಕೆಲವೊಮ್ಮೆ ಒಳಗೆ ಸಣ್ಣ ಗುಳ್ಳೆ ಉಳಿದುಬಿಡುತ್ತದೆ. ಹೊರಗಿನಿಂದ ಕಾಣುವುದಿಲ್ಲ, ಆದರೆ ತೂಕ ಒಂದು ಕಡೆಗೆ ವಾಲುತ್ತದೆ. ಒತ್ತಿ ಮಾಡಿದ ಗುಂಡಿನಲ್ಲಿ ಗುಳ್ಳೆಗೆ ಜಾಗವೇ ಇರುವುದಿಲ್ಲ. ಜೊತೆಗೆ ಸೀಸದ ಮೇಲೆ ತಾಮ್ರದ ಹೊದಿಕೆಯನ್ನೂ ತೊಡಿಸಬಹುದು. ಎರಕದಲ್ಲಿ ಅದು ಸುಲಭವಲ್ಲ.

1943, ಒಂದು ಲಾಂಡ್ರಿಯ ಹಿಂಬದಿ

ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಅಮೆರಿಕದಲ್ಲಿ ತಾಮ್ರವೆಲ್ಲ ಯುದ್ಧದ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಎಷ್ಟರ ಮಟ್ಟಿಗೆ ಅಂದರೆ, 1943ರಲ್ಲಿ ಅಲ್ಲಿನ ಒಂದು ಸೆಂಟಿನ ನಾಣ್ಯವನ್ನು ತಾಮ್ರದ ಬದಲು ಸತುವು ಲೇಪಿಸಿದ ಉಕ್ಕಿನಲ್ಲಿ ಮಾಡಿದರು. ಇಂಥ ಕಾಲದಲ್ಲಿ ಹವ್ಯಾಸಿ ಬೇಟೆಗಾರರಿಗೆ ತಾಮ್ರ ಹೊದಿಸಿದ ಗುಂಡು ಎಲ್ಲಿಂದ ಸಿಗಬೇಕು?

ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬ ಊರಿನಲ್ಲಿ ಫ್ರೆಡ್ ಹಂಟಿಂಗ್ಟನ್ ಎಂಬ ತರುಣನಿದ್ದ. ಅವನ ಅಪ್ಪನದು ಲಾಂಡ್ರಿ ಅಂಗಡಿ. ಅದರ ಹಿಂಬದಿಯ ಕೋಣೆಯಲ್ಲಿ ಅವನು ಡೈ ಮಾಡಲು ಶುರುಮಾಡಿದ. ಕಚ್ಚಾ ಮಾಲು ಯಾವುದು ಗೊತ್ತಾ? ಜನ ಹೊಡೆದು ಬಿಸಾಡಿದ ಪಾಯಿಂಟ್ 22ರ ಖಾಲಿ ಕೊಳವೆಗಳು! ಯಾರಿಗೂ ಬೇಡವಾಗಿ ನೆಲದ ಮೇಲೆ ಬಿದ್ದಿರುತ್ತಿದ್ದ ಕಸ ಅದು.

ಯಾಕೆ ಅದೇ ಕೊಳವೆ? ಇಲ್ಲೊಂದು ಸುಂದರವಾದ ಕಾಕತಾಳೀಯ ಇದೆ. ಪಾಯಿಂಟ್ 22 ಲಾಂಗ್ ರೈಫಲ್ 1887ರಷ್ಟು ಹಳೆಯದು. ಅದರಲ್ಲಿ ಗುಂಡು ಮತ್ತು ಕೊಳವೆ ಹತ್ತಿರ ಹತ್ತಿರ ಒಂದೇ ದಪ್ಪ. ಹಾಗಾಗಿ ಖಾಲಿ ಕೊಳವೆಯ ಅಳತೆಯೂ ವೇಗದ ಪಾಯಿಂಟ್ 22 ರೈಫಲ್‌ಗಳಿಗೆ ಬೇಕಾದ 0.224 ಇಂಚಿನ ಗುಂಡಿನ ಅಳತೆಯೂ ಕೂದಲೆಳೆಯಷ್ಟೇ ಬೇರೆ. ಕೊಳವೆಯ ಒಂದು ತುದಿ ಮುಚ್ಚಿದೆ, ಇನ್ನೊಂದು ತೆರೆದಿದೆ. ತೆಳ್ಳನೆಯ ಹಿತ್ತಾಳೆ. ಬೇಕಾದ ಬಟ್ಟಲು ಸಿದ್ಧವಾಗಿಯೇ ಬಿದ್ದಿತ್ತು.

ಅಮೆರಿಕದ ಪಶ್ಚಿಮದ ಬೆಟ್ಟಗಳ ಬಂಡೆಗಳ ನಡುವೆ ರಾಕ್ ಚಕ್ ಎಂಬ ಅಳಿಲಿನ ದೊಡ್ಡ ನೆಂಟನಂಥ ಪ್ರಾಣಿ ಇದೆ. ಹಂಟಿಂಗ್ಟನ್ ತನ್ನ ಉಪಕರಣಕ್ಕೆ 'ರಾಕ್ ಚಕ್ ಬುಲೆಟ್ ಸ್ವೇಜ್' ಎಂದು ಹೆಸರಿಟ್ಟ. ಆ ನಾಲ್ಕು ಪದಗಳ ಮೊದಲ ಅಕ್ಷರಗಳೇ ಇಂದಿನ ಆರ್‌ಸಿಬಿಎಸ್ ಕಂಪನಿಯ ಹೆಸರು. ಅದೇ ಯುದ್ಧಕಾಲದಲ್ಲಿ ವರ್ನನ್ ಸ್ಪಿಯರ್ ಎಂಬಾತ ಕೂಡ ಖಾಲಿ ಕೊಳವೆಗಳಿಂದಲೇ ಗುಂಡು ಮಾಡತೊಡಗಿದ. ಆತನ ಹೆಸರಿನಲ್ಲೂ ಮುಂದೆ ದೊಡ್ಡ ಕಂಪನಿ ಬೆಳೆಯಿತು. ಆತನ ಜೊತೆ ಕೆಲಸ ಮಾಡಿದ್ದ ಜಾಯ್ಸ್ ಹಾರ್ನಡಿ 1949ರಲ್ಲಿ ನೆಬ್ರಾಸ್ಕಾದಲ್ಲಿ ತನ್ನದೇ ಕಾರ್ಖಾನೆ ತೆರೆದ. ಒಂದು ಇಡೀ ಉದ್ಯಮದ ಬೇರು ಬಿಸಾಡಿದ ಹಿತ್ತಾಳೆಯಲ್ಲಿ ಇದೆ ಅನ್ನುವುದು ನನಗೆ ಈಗಲೂ ಬೆರಗು.

ಕಣಕ ಮತ್ತು ಹೂರಣ

ತಯಾರಿಕೆಯನ್ನು ಕಡುಬಿನ ಲೆಕ್ಕದಲ್ಲಿ ನೋಡಿದರೆ ತಲೆಗೆ ಬೇಗ ಹತ್ತುತ್ತದೆ. ಹೊರಗಿನ ಕಣಕ ಅಂದರೆ ಹಿತ್ತಾಳೆ ಅಥವಾ ತಾಮ್ರದ ಹೊದಿಕೆ. ಇದಕ್ಕೆ ಜಾಕೆಟ್ ಎನ್ನುತ್ತಾರೆ. ಒಳಗಿನ ಹೂರಣ ಸೀಸ. ಅದು ಕೋರ್.

ಕಣಕದಿಂದ ಶುರುಮಾಡೋಣ. ಖಾಲಿ ಕೊಳವೆಯ ಬುಡದಲ್ಲಿ ಹೊರಕ್ಕೆ ಚಾಚಿದ ಅಂಚು ಇರುತ್ತದೆ. ಕೊಳವೆಯನ್ನು ತೊಳೆದು, ಒಂದು ಡೈಯ ಮೂಲಕ ನೂಕಿದರೆ ಆ ಅಂಚು ನೇರವಾಗಿ ಎಳೆದುಕೊಂಡು ಮಾಯವಾಗುತ್ತದೆ. ಈಗ ಅದು ಸಪಾಟಾದ ಬಟ್ಟಲು. ಆದರೆ ಹಿತ್ತಾಳೆಗೆ ಒಂದು ಸ್ವಭಾವ ಇದೆ. ಬಗ್ಗಿಸಿದಷ್ಟೂ, ಎಳೆದಷ್ಟೂ ಅದು ಬಿರುಸಾಗುತ್ತದೆ. ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಕೊನೆಗೆ ಪಟ್ ಎಂದು ಮುರಿಯುತ್ತದಲ್ಲ, ಅದೇ ಕಾರಣ. ಅಕ್ಕಸಾಲಿಗರು ಬಡಿಯುವ ನಡುವೆ ಒಡವೆಯನ್ನು ಕಾಯಿಸಿ ಮೆದು ಮಾಡಿಕೊಳ್ಳುತ್ತಾರೆ. ಇಲ್ಲೂ ಬಟ್ಟಲನ್ನು ಹಾಗೆ ಹದಕ್ಕೆ ತರಬೇಕು. ಅಕ್ಕನ ಮಗ ಬೆಂಕಿಯೇ ಇಲ್ಲ ಅಂದದ್ದು ಈ ಒಂದು ಕಡೆ ಮಾತ್ರ ಪೂರ್ತಿ ನಿಜವಲ್ಲ. ಆದರೆ ಕಾಯಿಸುವುದು ಮೆದು ಮಾಡಲಷ್ಟೇ, ಕರಗಿಸಲು ಅಲ್ಲ.

ಇನ್ನು ಹೂರಣ. ಸೀಸವನ್ನು ಶಾವಿಗೆ ಒತ್ತಿದ ಹಾಗೆ ತಂತಿಯಾಗಿ ಒತ್ತಿ ಸುರುಳಿ ಮಾಡಿ ಮಾರುತ್ತಾರೆ. ಅದನ್ನು ಸಣ್ಣ ತುಂಡುಗಳಾಗಿ ಕತ್ತರಿಸುತ್ತಾರೆ. ಕತ್ತರಿಸಿದ ತುಂಡುಗಳು ಎಷ್ಟೇ ಜಾಗ್ರತೆ ಮಾಡಿದರೂ ಒಂದೇ ತೂಕ ಬರುವುದಿಲ್ಲ. ಇದಕ್ಕೆ ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ. ತುಂಡನ್ನು ಬೇಕಾದ್ದಕ್ಕಿಂತ ಚೂರು ಜಾಸ್ತಿಯೇ ಕತ್ತರಿಸುತ್ತಾರೆ. ಅದನ್ನು ಒತ್ತುವ ಡೈಯ ಪಕ್ಕದಲ್ಲಿ ಸೂಜಿಯಂಥ ತೂತುಗಳಿರುತ್ತವೆ. ಪಂಚ್ ಒಂದು ನಿಗದಿತ ಆಳಕ್ಕೆ ಇಳಿದಾಗ, ಹೆಚ್ಚಾದ ಸೀಸ ಆ ತೂತುಗಳಿಂದ ನೂಲಿನ ಹಾಗೆ ಹೊರಗೆ ಬರುತ್ತದೆ. ಒಳಗೆ ಉಳಿದ ಜಾಗ ಪ್ರತಿ ಸಲವೂ ಒಂದೇ. ಜಾಗ ಒಂದೇ ಅಂದರೆ, ಸೀಸ ಒಂದೇ ಬಗೆಯದು ಆಗಿದ್ದರೆ, ತೂಕವೂ ಒಂದೇ. ತಕ್ಕಡಿ ಮಾಡಬೇಕಾದ ಕೆಲಸವನ್ನು ಡೈಯೇ ಮಾಡಿಬಿಡುತ್ತದೆ.

ಮುಂದೆ ಹೂರಣವನ್ನು ಬಟ್ಟಲಿಗೆ ಇಳಿಸಿ ಒತ್ತುವುದು. ಕೊನೆಗೆ, ಒಳಗೆ ಗುಂಡಿನ ಮೂಗಿನ ಆಕಾರ ಇರುವ ಇನ್ನೊಂದು ಡೈಗೆ ನೂಕುವುದು. ಅಲ್ಲಿ ಬಟ್ಟಲಿನ ಬಾಯಿ ಕಡುಬಿನ ತುದಿಯಂತೆ ಒಳಕ್ಕೆ ಕೂಡಿಕೊಂಡು ಚೂಪಾಗುತ್ತದೆ. ಲೋಹ ಡೈಗೆ ಅಂಟದಿರಲು ಪ್ರತಿ ಹಂತದಲ್ಲೂ ಒಂದಿಷ್ಟು ಜಿಡ್ಡು ಬೇಕು. ಕುರಿಯ ಉಣ್ಣೆಯಿಂದ ಬರುವ ಲ್ಯಾನೊಲಿನ್, ನಮ್ಮ ಹರಳೆಣ್ಣೆ ಇವೆರಡೂ ಈ ಕೆಲಸಕ್ಕೆ ಹೆಸರಾದವು. ಹರಳೆಣ್ಣೆ ಒತ್ತಡ ಹೆಚ್ಚಾದರೂ ಜಾರಿ ಹೋಗದೆ ನಿಲ್ಲುತ್ತದೆ.

ಹೀಗೆ ಮಾಡಿದ ಗುಂಡಿನ ಬುಡವನ್ನು ಬೆಳಕಿಗೆ ಹಿಡಿದರೆ, ಹಳೆಯ ಅಂಚು ಇದ್ದ ಜಾಗದಲ್ಲಿ ಸಣ್ಣ ಗೆರೆ ಕಾಣಬಹುದು. ಅದರ ಹಿಂದಿನ ಜನ್ಮದ ಗುರುತು.

ಹಿಗ್ಗಿಸಬೇಕು, ಕುಗ್ಗಿಸಬಾರದು

ಈ ವಿದ್ಯೆಯ ಜೀವಾಳ ಇಲ್ಲಿದೆ. ಹೊರಗಿನವರಿಗೆ ಹೊಳೆಯದೇ ಇರುವುದೂ ಇದೇ.

ಸಹಜವಾಗಿ ನಮಗೇನು ಅನಿಸುತ್ತದೆ? ದಪ್ಪ ಗುಂಡೊಂದನ್ನು ಮಾಡಿ, ಸಣ್ಣ ಡೈಯೊಳಗೆ ನೂಕಿ, ಬೇಕಾದ ಅಳತೆಗೆ ಇಳಿಸಿದರಾಯಿತು ಎಂದು. ಹಾಗೆ ಮಾಡಿದರೆ ಕೆಡುತ್ತದೆ. ತಾಮ್ರಕ್ಕೂ ಹಿತ್ತಾಳೆಗೂ ಸ್ಪ್ರಿಂಗಿನ ಗುಣ ಸ್ವಲ್ಪ ಇದೆ. ಒತ್ತಿ ಬಿಟ್ಟರೆ ಒಂಚೂರು ಹಿಂದಕ್ಕೆ ಬರುತ್ತವೆ. ಸೀಸಕ್ಕೆ ಆ ಗುಣ ಇಲ್ಲವೆಂದೇ ಹೇಳಬಹುದು. ಒತ್ತಿದ ಕಡೆ ಹಾಗೆಯೇ ಉಳಿಯುತ್ತದೆ. ಈಗ ಎರಡನ್ನೂ ಒಟ್ಟಿಗೆ ಒಳಕ್ಕೆ ಒತ್ತಿ ಬಿಟ್ಟೆವು ಅನ್ನಿ. ಸೀಸ ಒಳಗೇ ಉಳಿಯಿತು, ಹೊದಿಕೆ ಹೊರಕ್ಕೆ ಚಿಮ್ಮಿತು. ನಡುವೆ ಕಣ್ಣಿಗೆ ಕಾಣದ ಸಂದು. ಹೂರಣ ಸಡಿಲ.

ಅದಕ್ಕೆ ಉಲ್ಟಾ ಮಾಡುತ್ತಾರೆ. ಪ್ರತಿ ಹಂತದಲ್ಲೂ ವಸ್ತು ಡೈಗಿಂತ ಒಂಚೂರು ಸಣ್ಣದಾಗಿಯೇ ಒಳಗೆ ಹೋಗಬೇಕು. ಪಂಚ್ ಸೀಸವನ್ನು ಒತ್ತಿದಾಗ ಅದು ಅಗಲಕ್ಕೆ ಹರಡಿ, ಬಟ್ಟಲನ್ನೂ ಹೊರಕ್ಕೆ ತಳ್ಳಿ, ಡೈಯ ಗೋಡೆಗೆ ತಾಗಿಸುತ್ತದೆ. ಒತ್ತಡ ಬಿಟ್ಟ ಕೂಡಲೇ ಹೊದಿಕೆ ಒಳಕ್ಕೆ ಚಿಮ್ಮುತ್ತದೆ. ಆದರೆ ಒಳಗೆ ಸೀಸ ತುಂಬಿ ನಿಂತಿದೆ. ಹಾಗಾಗಿ ಅದನ್ನು ಬಿಗಿಯಾಗಿ ಅಪ್ಪಿ ಹಿಡಿಯುತ್ತದೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುತ್ತಾರೆ, ಅದು ಆರಿ ಕುಗ್ಗಿ ಮರವನ್ನು ಬಿಗಿಯುತ್ತದೆ. ಅಲ್ಲಿ ಬಿಸಿಯಿಂದ ಆಗುವ ಕೆಲಸ ಇಲ್ಲಿ ಒತ್ತಡದಿಂದ ಆಗುತ್ತದೆ.

ಸಡಿಲವಾದರೆ ಏನಾಗುತ್ತದೆ ಎಂದು ಕೇಳಬಹುದು. ಅದಕ್ಕೆ ಗುಂಡು ಹಾರುವಾಗ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ಬುಗುರಿಯಂತೆ ತಿರುಗುವ ಗುಂಡು

ರೈಫಲ್ ನಳಿಗೆಯ ಒಳಗೆ ಸುರುಳಿ ಸುರುಳಿಯಾಗಿ ಸಣ್ಣ ಕಾಲುವೆಗಳನ್ನು ಕೊರೆದಿರುತ್ತಾರೆ. ಅದರಲ್ಲಿ ಹಾದುಬರುವ ಗುಂಡು ಗರಗರ ತಿರುಗುತ್ತಾ ಹೊರಬರುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವ ಹಾಗೆ, ತಿರುಗುವ ಗುಂಡು ಮೂಗು ಮುಂದೆ ಮಾಡಿಕೊಂಡೇ ಹೋಗುತ್ತದೆ.

ಎಷ್ಟು ವೇಗ? ಹನ್ನೆರಡು ಇಂಚಿಗೆ ಒಂದು ಸುತ್ತು ಇರುವ ನಳಿಗೆಯಿಂದ ಗುಂಡು ಸೆಕೆಂಡಿಗೆ 3,000 ಅಡಿ ವೇಗದಲ್ಲಿ ಹೊರಟರೆ, ಅದು ಸೆಕೆಂಡಿಗೆ 3,000 ಸಲ ತಿರುಗುತ್ತದೆ. ನಿಮಿಷಕ್ಕೆ 1,80,000 ಸುತ್ತು. ಅಡುಗೆಮನೆಯ ಮಿಕ್ಸಿ ಜೋರಾಗಿ ತಿರುಗಿದರೂ ನಿಮಿಷಕ್ಕೆ ಇಪ್ಪತ್ತು ಸಾವಿರದ ಆಸುಪಾಸು. ಅದರ ಒಂಬತ್ತು ಪಟ್ಟು! ಈ ವೇಗದಲ್ಲಿ ಹೂರಣ ಸಡಿಲವಾಗಿ ತೂಕ ಒಂದು ಕಡೆ ಕೂದಲೆಳೆಯಷ್ಟು ವಾಲಿದರೂ ಗುಂಡು ಓಲಾಡುತ್ತದೆ, ಗುರಿ ತಪ್ಪುತ್ತದೆ. ಪಾಯಿಂಟ್ 22 ಕೊಳವೆಯಿಂದ ಮಾಡಿದ ತೆಳ್ಳನೆಯ ಹೊದಿಕೆಯಾದರೆ ಇನ್ನೊಂದು ಮಿತಿಯೂ ಇದೆ. ವೇಗ ಅತಿಯಾದರೆ ಅದು ಗಾಳಿಯಲ್ಲೇ ಸಿಡಿದು ಚೂರಾಗಬಹುದು.

ಹಗುರವಾದ ಗುಂಡಿಗೂ ನಳಿಗೆಯ ಸುರುಳಿಗೂ ಹೊಂದಾಣಿಕೆ ಬೇಕು. ಇದರ ಲೆಕ್ಕವನ್ನು 1879ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ ಕೊಟ್ಟರು. ಗುಂಡಿನ ದಪ್ಪವನ್ನು ಅದರಿಂದಲೇ ಗುಣಿಸಿ, ಮತ್ತೆ 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿದರೆ, ಎಷ್ಟು ಇಂಚಿಗೆ ಒಂದು ಸುತ್ತು ಬೇಕು ಎಂಬುದು ಸುಮಾರಾಗಿ ಸಿಗುತ್ತದೆ. 0.224 ಇಂಚು ದಪ್ಪ, ಅರ್ಧ ಇಂಚು ಉದ್ದದ ಗುಂಡಿಗೆ 15 ಇಂಚಿಗೊಂದು ಸುತ್ತು ಸಾಕು. ಉದ್ದ ಮುಕ್ಕಾಲು ಇಂಚಾದರೆ 10 ಇಂಚಿಗೊಂದು ಬೇಕು. ಹಗುರವಾದದ್ದು ಗಿಡ್ಡ, ಗಿಡ್ಡವಾದದ್ದಕ್ಕೆ ನಿಧಾನದ ಸುತ್ತು ಸಾಲುತ್ತದೆ.

ಹಗುರ ಯಾಕೆ ಬೇಕು?

ಸಣ್ಣ ಕಲ್ಲನ್ನು ದೊಡ್ಡ ಕಲ್ಲಿಗಿಂತ ಜೋರಾಗಿ ಬೀಸಬಹುದು. ಅದೇ ಮದ್ದಿನ ಬಲಕ್ಕೆ ಹಗುರ ಗುಂಡು ಹೆಚ್ಚು ವೇಗ ಪಡೆಯುತ್ತದೆ. 1935ರಲ್ಲಿ ಬಂದ ಪಾಯಿಂಟ್ 220 ಸ್ವಿಫ್ಟ್ ಎಂಬ ತೋಟಾ 48 ಗ್ರೇನಿನ ಗುಂಡನ್ನು ಸೆಕೆಂಡಿಗೆ 4,110 ಅಡಿ, ಅಂದರೆ ಸುಮಾರು 1,250 ಮೀಟರ್ ವೇಗದಲ್ಲಿ ಬಿಡುತ್ತಿತ್ತು. ಒಲಿಂಪಿಕ್ಸಿನ ಪಾಯಿಂಟ್ 22ರ ವೇಗ 330 ಮೀಟರ್ ಆಸುಪಾಸು. ತೂಕದಲ್ಲಿ ಹೆಚ್ಚು ಅಂತರ ಇಲ್ಲ. ಆದರೆ ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಸ್ವಿಫ್ಟ್ ಗುಂಡಿನ ಶಕ್ತಿ ಸುಮಾರು 17 ಪಟ್ಟು ಹೆಚ್ಚು.

ವೇಗ ಹೆಚ್ಚಿದ್ದರೆ ಗುಂಡು ಗುರಿ ಮುಟ್ಟುವಷ್ಟರಲ್ಲಿ ಕೆಳಗೆ ಇಳಿಯುವುದು ಕಡಿಮೆ. ಗುಂಡು ಹಗುರವಾದ್ದರಿಂದ ಹೆಗಲಿಗೆ ಒದೆತವೂ ಕಡಿಮೆ. ಅಮೆರಿಕದ ರೈತರು, ಜಾನುವಾರು ಸಾಕುವವರು ಹೊಲದಲ್ಲಿ ಬಿಲ ತೋಡುವ ನೆಲ ಅಳಿಲುಗಳ ಮೇಲೆ ಇಂಥದ್ದನ್ನು ಬಳಸುತ್ತಾರೆ. ತೆಳು ಹೊದಿಕೆಯ ಹಗುರ ಗುಂಡು ನೆಲಕ್ಕೆ ಬಡಿದರೆ ಪುಡಿಯಾಗುವುದು ಹೆಚ್ಚು, ಪುಟಿದು ದೂರ ಹೋಗುವುದು ಕಡಿಮೆ.

ಕೊರತೆಯೂ ಉಂಟು. ಒಣ ಎಲೆಯನ್ನು ಎಷ್ಟು ಜೋರಾಗಿ ಎಸೆದರೂ ಗಾಳಿ ಅದನ್ನು ತಡೆದುಬಿಡುತ್ತದೆ. ಹಗುರ ಗುಂಡೂ ಬೇಗ ವೇಗ ಕಳೆದುಕೊಳ್ಳುತ್ತದೆ, ಅಡ್ಡಗಾಳಿಗೆ ಪಕ್ಕಕ್ಕೆ ಸರಿಯುತ್ತದೆ. ದೂರದ ಗುರಿಗೆ ಭಾರದ, ಉದ್ದನೆಯ ಗುಂಡೇ ಬೇಕು.

ಇವತ್ತು ಕೈಯಿಂದ ಒತ್ತಿದ ಗುಂಡಿಗೆ ದೊಡ್ಡ ಮರ್ಯಾದೆ ಇರುವುದು ಬೆಂಚ್‌ರೆಸ್ಟ್ ಎಂಬ ಸ್ಪರ್ಧೆಯಲ್ಲಿ. ರೈಫಲನ್ನು ಮೇಜಿನ ಮೇಲಿಟ್ಟು, ಐದೈದು ಗುಂಡುಗಳನ್ನು ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಹಾಯಿಸುವ ಆಟ ಅದು. ಅಲ್ಲಿನವರು ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ಡೈಗಳಲ್ಲಿ ಒಂದೊಂದಾಗಿ ಒತ್ತಿದ ಗುಂಡುಗಳನ್ನು ನೆಚ್ಚಿಕೊಳ್ಳುತ್ತಾರೆ. ಅವರಿಗೆ ದುಡ್ಡು ಉಳಿಸುವುದು ಮುಖ್ಯವಲ್ಲ. ನೂರನೆಯ ಗುಂಡು ಮೊದಲನೆಯದರಂತೆಯೇ ಇರಬೇಕು, ಅಷ್ಟೇ.

ಸೀಸದ ಅಪಾಯ

ಕರಗಿಸುವುದಿಲ್ಲವಾದ್ದರಿಂದ ಹೊಗೆಯ ಭಯ ಕಡಿಮೆ ನಿಜ. ಆದರೆ ಸೀಸ ಕೈಗೆ ಅಂಟುತ್ತದೆ, ಕೈಯಿಂದ ಬಾಯಿಗೆ ಹೋಗುತ್ತದೆ. ರಕ್ತದಲ್ಲಿ ಸೀಸ ಇಷ್ಟಿದ್ದರೆ ತೊಂದರೆಯಿಲ್ಲ ಎಂಬ ಸುರಕ್ಷಿತ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ ಅದು ಹೆಚ್ಚು ಹಾನಿ. ಖಾಲಿ ಕೊಳವೆಗಳೊಳಗೆ ಉಳಿದ ಕೇಪಿನ ಮಸಿಯಲ್ಲೂ ಸೀಸ ಇರುತ್ತದೆ.

ಹಾನಿ ಮನೆಯೊಳಗೇ ನಿಲ್ಲುವುದಿಲ್ಲ. ಬೇಟೆಯ ಪ್ರಾಣಿಯ ದೇಹದಲ್ಲಿ ಉಳಿದ ಸೀಸದ ಚೂರುಗಳನ್ನು ತಿಂದು ಕ್ಯಾಲಿಫೋರ್ನಿಯಾದ ಕಾಂಡೋರ್ ರಣಹದ್ದುಗಳು ಸತ್ತವು. 1982ರಲ್ಲಿ ಇಡೀ ಜಗತ್ತಿನಲ್ಲಿ ಉಳಿದಿದ್ದು 22 ಹಕ್ಕಿಗಳು ಮಾತ್ರ. ಆ ರಾಜ್ಯ 2013ರಲ್ಲಿ ಕಾನೂನು ಮಾಡಿತು. 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಹಂಟಿಂಗ್ಟನ್‌ನ ಊರು ಇರುವುದೂ ಅದೇ ರಾಜ್ಯದಲ್ಲಿ. ಈಗ ಅಲ್ಲಿ ಬೇಟೆಗೆ ಸೀಸವಿಲ್ಲದ, ಹೆಚ್ಚಾಗಿ ತಾಮ್ರದ ಗುಂಡು ಬಳಸುತ್ತಾರೆ. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕ ಬೇಕೆಂದರೆ ಗುಂಡು ಉದ್ದವಾಗುತ್ತದೆ, ಆಗ ಗ್ರೀನ್‌ಹಿಲ್ ಲೆಕ್ಕ ಮತ್ತೆ ತಲೆಯೆತ್ತುತ್ತದೆ.

ಕಾನೂನು ಏನು ಹೇಳುತ್ತದೆ?

ಅಮೆರಿಕದ ಒಕ್ಕೂಟ ಕಾನೂನಿನಲ್ಲಿ, ತನ್ನ ಬಳಕೆಗೆ ಗುಂಡು ಮಾಡಿಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಮಾರಲು ಮಾಡುವುದಾದರೆ ಬೇಕು. ರಾಜ್ಯಗಳ ನಿಯಮ ಬೇರೆ ಬೇರೆ.

ಭಾರತದಲ್ಲಿ ಕತೆಯೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ ಏಳು ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ. ಬಂದೂಕಿನ ಲೈಸೆನ್ಸ್ ಇದ್ದರೂ ಅದು ಗುಂಡು ತಯಾರಿಸುವ ಲೈಸೆನ್ಸ್ ಆಗುವುದಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ, ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವ ಮಾತು, ಗುಂಡು ತಯಾರಿಸುವುದಲ್ಲ.

ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ನಮ್ಮ ಕಾಯ್ದೆಯಲ್ಲಿ 'ಮದ್ದುಗುಂಡು' ಎಂಬ ಪದದ ಅರ್ಥ ಬಹಳ ಅಗಲ. ಮದ್ದುಗುಂಡಿನ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರಗಳೂ ಅದರೊಳಗೇ ಬರುತ್ತವೆ. ಅವನ್ನು ಹೊರದೇಶದಿಂದ ತರುವುದಕ್ಕೂ ಲೈಸೆನ್ಸ್ ಬೇಕು.

ಅಕ್ಕನ ಮಗ ಈ ಬೇಸಿಗೆಗೆ ಊರಿಗೆ ಬರುತ್ತಿದ್ದಾನೆ. ಪಕ್ಕದ ಮನೆಯ ಅಜ್ಜ ನೆನಪಿಗೆ ಇರಲಿ ಎಂದು ಒಂದು ಹಳೆಯ ಡೈ ಕೊಡುತ್ತೇನೆ ಅಂದಿದ್ದಾರಂತೆ. "ತರಲಾ ಮಾವ?" ಎಂದು ಕೇಳಿದ. ಅದನ್ನು ಅಜ್ಜನ ಮೇಜಿನ ಮೇಲೇ ಬಿಟ್ಟು ಬಾ ಎಂದೆ.